ಜಪಾನಿನ ಉಂಡೆ, ವಸಂತಪುರದ ಕಾಗೆ

ಜಗತ್ತಿನ ಯಾವ ಅಡುಗೆಯೂ ನನಗೆ ಕಷ್ಟವಲ್ಲ ಎಂಬ ನಂಬಿಕೆ ಬಂದದ್ದು ಮೊಬೈಲಿನಿಂದ. ಅದರಲ್ಲಿ ಎಲ್ಲರೂ ಒಂದೇ ನಿಮಿಷದಲ್ಲಿ ಅಡುಗೆ ಮುಗಿಸಿ ನಗುತ್ತಾರೆ. ನಾನೂ ಒಮ್ಮೆ ಮೆಕ್ಸಿಕೋದ ಟಾಕೋ ಮಾಡಿದೆ. ಅದನ್ನು ಮುರಿಯಲು ನನ್ನ ಹೆಂಡತಿ ವೀಣಾ ತೆಂಗಿನಕಾಯಿ ಒಡೆಯುವ ಕತ್ತಿ ತಂದಳು. ಇಟಲಿಯ ರಿಸೊಟ್ಟೊ ಮಾಡಿದೆ. "ಪೊಂಗಲ್ ಪರವಾಗಿಲ್ಲ, ಬೇಳೆ ಹಾಕೋದು ಮರ್ತಿದ್ದೀರ" ಎಂದಳು. ಇಂಥ ಅವಮಾನಗಳಿಗೆ ಕುಗ್ಗುವ ಪೈಕಿ ನಾನಲ್ಲ. ಇಟಲಿ ಕೈಕೊಟ್ಟರೆ ಜಪಾನ್ ಇದೆ!

ಆ ಭಾನುವಾರ ಮಾವ ವಸಂತಪುರದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಊಟವನ್ನೇ ಬಿಟ್ಟಂತಾಗಿತ್ತು. ಎರಡು ತುತ್ತು ತಿಂದು "ಸಾಕಮ್ಮ" ಎಂದು ಏಳುತ್ತಿದ್ದರು. ಒಂದು ಕಾಲದಲ್ಲಿ ಜಯನಗರದ ಹೋಟೆಲಿನಲ್ಲಿ ತಮ್ಮ ಮಸಾಲೆ ದೋಸೆ ಮುಗಿಸಿ ನನ್ನ ತಟ್ಟೆಯ ಮೇಲೆ ಕಣ್ಣು ಹಾಕುತ್ತಿದ್ದ ಮನುಷ್ಯ! ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದ ವೀಣಾ ಅಡುಗೆಮನೆಯಲ್ಲಿ ನಿಂತು ಅತ್ತದ್ದನ್ನು ನಾನು ನೋಡಿದ್ದೆ. ನನಗೂ ಸಂಕಟವಾಗಿತ್ತು. ಮಾವ ಒಂದು ಹೊತ್ತು ಹೊಟ್ಟೆ ತುಂಬ ಉಂಡರೆ ಸಾಕಾಗಿತ್ತು ನಮಗೆ.

"ಬಾಯಿಗೆ ಹೊಸ ರುಚಿ ಬಿದ್ರೆ ತಿಂತಾರೆ ಕಣೇ. ನಾನು ಜಪಾನ್ ಅಡುಗೆ ಮಾಡ್ತೀನಿ" ಎಂದೆ.

"ರೀ, ಅಪ್ಪಂಗೆ ಬಾಯಿ ರುಚಿ ಕೆಟ್ಟಿದೆ, ತಲೆ ಕೆಟ್ಟಿಲ್ಲ."

"ಬರೀ ಅನ್ನದ ಉಂಡೆ ಕಣೇ. ಎಣ್ಣೆ ಇಲ್ಲ, ಖಾರ ಇಲ್ಲ. ಬೇಕಿದ್ರೆ ಡಾಕ್ಟ್ರನ್ನೇ ಕೇಳು!"

ಡಾಕ್ಟರ ಮಾತು ಬಂದದ್ದಕ್ಕೆ ಸ್ವಲ್ಪ ಮೆತ್ತಗಾದಳು. "ಏನಾದ್ರೂ ಮಾಡ್ಕೊಳ್ಳಿ. ಸಾರು ಮಾಡಿಟ್ಟಿದ್ದೀನಿ, ಆ ಕಡೆ ಮಾತ್ರ ಹೋಗ್ಬೇಡಿ" ಎಂದು ಎಚ್ಚರಿಸಿ, ಅಪ್ಪ ಅಮ್ಮನನ್ನು ಕರೆತರಲು ಬನಶಂಕರಿಗೆ ಹೊರಟಳು. ಅಡುಗೆಮನೆ ನನ್ನ ಅಧೀನಕ್ಕೆ ಬಂತು.

ಶಾಸ್ತ್ರದ ಪ್ರಕಾರ ಉಂಡೆಗೆ ಕಡಲ ಪಾಚಿಯ ಹಾಳೆ ಸುತ್ತಬೇಕು. ತರಿಸಿಟ್ಟಿದ್ದೆ. ಪೊಟ್ಟಣ ಬಿಚ್ಚಿದೊಡನೆ ಎದ್ದ ಮೀನಿನಂಥ ವಾಸನೆಗೆ ನಮ್ಮದು ಸಸ್ಯಾಹಾರಿ ಮನೆ ಎಂಬುದು ನೆನಪಾಯಿತು. ಪಾಚಿ ರದ್ದು! ಜಪಾನಿನ ಅಂಟು ಅಕ್ಕಿ ಸಿಕ್ಕಿರಲಿಲ್ಲ. ಸೋನಾ ಮಸೂರಿಗೇ ಎಂದಿನದರ ಎರಡರಷ್ಟು ನೀರು ಸುರಿದು ಕುಕ್ಕರ್ ಕೂಗಿಸಿದೆ. ಅನ್ನ ಚೆನ್ನಾಗಿಯೇ ಅಂಟಿತು, ಮೊಣಕೈವರೆಗೆ. ವಿಡಿಯೊದಲ್ಲಿ ವಿನೆಗರ್ ಸ್ವಲ್ಪ ಹಾಕಿ ಎಂದಿದ್ದರು. ಜಪಾನಿನವರ ಸ್ವಲ್ಪ ಎಂದರೆ ಎಷ್ಟೆಂದು ಯಾರಿಗೆ ಗೊತ್ತು? ಧಾರಾಳವಾಗಿಯೇ ಸುರಿದೆ. ಉಂಡೆ ಮೂರು ಮೂಲೆಯದಾಗಬೇಕಿತ್ತು, ಆದರೆ ನಿಲ್ಲಿಸಿದ್ದೆಲ್ಲ ಸುಸ್ತಾಗಿ ಕುಸಿಯಿತು. ಹಾಳಾಗಿ ಹೋಗಲಿ ಎಂದು ದುಂಡಗೆ ಕಟ್ಟಿದೆ. ಇನ್ನು ಅವುಗಳ ಮೇಲೆ ಕರಿ ಎಳ್ಳು ಉದುರಿಸುವುದೊಂದೇ ಬಾಕಿ. ಮನೆಯಲ್ಲಿ ಕರಿ ಎಳ್ಳಿರಲಿಲ್ಲ.

ನೀವು ಈಗಲೇ "ಅಯ್ಯೋ" ಎಂದಿರಬಹುದು. ನಾನು ಅನ್ನಲಿಲ್ಲ. ನಮ್ಮ ಮನೆಯ ತಿಥಿ, ಶ್ರಾದ್ಧಗಳೆಲ್ಲ ಮೈಸೂರಿನಲ್ಲಿರುವ ಅಣ್ಣನ ಜವಾಬ್ದಾರಿ. ವಡೆ ಬೇಯುವ ಹೊತ್ತಿಗೆ ಸರಿಯಾಗಿ ಹಾಜರಾಗುವುದು ನನ್ನ ಜವಾಬ್ದಾರಿ. ಅದಕ್ಕೂ ಮುಂಚೆ ಒಳಗೆ ಏನೇನು ನಡೆಯುತ್ತದೆಂದು ನಾನು ಇಣುಕಿ ನೋಡಿದವನಲ್ಲ.

ರಸ್ತೆ ತುದಿಯ ಗ್ರಂಧಿಗೆ ಅಂಗಡಿಗೆ ಓಡಿದೆ. "ಅಣ್ಣ, ಕರಿ ಎಳ್ಳು ಕೊಡಿ. ಬೇಗ, ಊಟದ ಹೊತ್ತಾಯ್ತು."

ಅಂಗಡಿಯವನು ದನಿ ತಗ್ಗಿಸಿದ. "ಯಾರಿಗೆ ಸಾರ್?"

"ನಮ್ಮ ಮಾವನವರಿಗೆ."

"ಅಯ್ಯೋ ಪಾಪ. ಏನಾಗಿತ್ತು ಸಾರ್?"

"ಹಾರ್ಟ್ ಆಪರೇಷನ್."

"ನಮ್ಮ ಕೈಯಲ್ಲಿ ಏನಿದೆ ಬಿಡಿ ಸಾರ್" ಎಂದು ನಿಟ್ಟುಸಿರಿಟ್ಟ. "ದರ್ಭೆ ಬೇಡ್ವಾ?"

ವಿಡಿಯೊದಲ್ಲಿ ಉಂಡೆಯ ಪಕ್ಕ ಹುಲ್ಲಿನಂಥದ್ದೇನೋ ಇದ್ದದ್ದು ಥಟ್ಟನೆ ನೆನಪಾಯಿತು. ಎಂಥ ಜಾಣ ಅಂಗಡಿಯವನು! "ಕೊಡಿ ಕೊಡಿ, ಅಲಂಕಾರಕ್ಕಾಗುತ್ತೆ" ಎಂದೆ. ಅವನು ನನ್ನನ್ನು ಒಂದು ಥರಾ ನೋಡಿ, ಪೊಟ್ಟಣ ಕೊಡುವಾಗ ನನ್ನ ಕೈಯನ್ನೊಮ್ಮೆ ಒತ್ತಿದ. ಭಾನುವಾರವೂ ಗಿರಾಕಿಗಳ ಮೇಲೆ ಇಷ್ಟು ಪ್ರೀತಿಯೇ ಎಂದು ಖುಷಿಪಟ್ಟುಕೊಂಡು ಬಂದೆ.

ಮಾವ ಬಂದರು. ಷರಟು ಮೈಮೇಲೆ ಜೋಲಾಡುತ್ತಿತ್ತು. ಟೀವಿ ಕಾಣಲಿ ಎಂದು ಅವರನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದೆ. ಮುಂದೆ ಬಾಳೆ ಎಲೆ, ಎಲೆಯ ಮೇಲೆ ದರ್ಭೆ, ದರ್ಭೆಯ ಮೇಲೆ ಎಳ್ಳು ಉದುರಿಸಿದ ಮೂರು ಉಂಡೆ. ಎಲ್ಲದರ ಮೇಲೂ ತಟ್ಟೆ ಮುಚ್ಚಿದ್ದೆ. "ಮಾವ, ನಿಮಗೋಸ್ಕರ ಸ್ಪೆಷಲ್" ಎಂದು ಮುಚ್ಚಳ ತೆಗೆದೆ.

ಅತ್ತೆ ಗೋಡೆ ಹಿಡಿದುಕೊಂಡರು. "ಅಯ್ಯೋ ರಾಮ, ಪಿಂಡ!"

"ರೀ!" ವೀಣಾ ಚೀರಿದಳು. "ಅಪ್ಪ ಇನ್ನೂ ಇದ್ದಾರೆ ರೀ!"

"ಇದು ಜಪಾನಿಂದು..."

"ಜಪಾನೋ ಗಯಾನೋ, ಮೊದ್ಲು ತೆಗೀರಿ!" ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಆಗ ನಾನೂ ಎಲೆಯನ್ನು ಸರಿಯಾಗಿ ನೋಡಿದೆ. ಎಳ್ಳು, ದರ್ಭೆ, ದಕ್ಷಿಣ ದಿಕ್ಕು, ಯಾವುದರಲ್ಲೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಪುರೋಹಿತರೊಬ್ಬರದೇ! ಅಂಗಡಿಯವನು ಕೈ ಒತ್ತಿದ್ದು ಯಾಕೆಂದು ಈಗ ಹೊಳೆಯಿತು. ಉಣ್ಣಿಸಲು ಕರೆದ ಮನುಷ್ಯನಿಗೆ ನಾನೇ ಎಳ್ಳು ನೀರು ಬಿಡಲು ಕೂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವ ಮಾತ್ರ ಉಂಡೆಗಳನ್ನೇ ನೋಡುತ್ತಿದ್ದರು. ಆಮೇಲೆ ಗಂಭೀರವಾಗಿ ಕೇಳಿದರು: "ಅಳಿಯಂದ್ರೇ, ಎಲ್ಲಾ ಸರಿ. ಕಾಗೆ ಎಲ್ಲಿ?"

ಮಾವ ಬಾಲ್ಕನಿಯ ಕಡೆ ಕೈ ತೋರಿಸಿದರು.

"ಒಂದನ್ನ ಬಾಲ್ಕನಿ ಕಟ್ಟೆ ಮೇಲಿಡಿ. ಕಾಗೆ ತಿಂದ್ರೆ ನಾನು ಹೋದ ಹಾಗೆ. ತಿನ್ನದಿದ್ರೆ ಇದ್ದೀನಿ ಅಂತ."

"ಬಿಡ್ತು ಅನ್ನಿ!" ಎಂದು ಅತ್ತೆ ಗದರಿದರು. ಮಾವ ಕೇಳಲಿಲ್ಲ. ಒಂದು ಉಂಡೆ ಇಟ್ಟು ಬಂದೆ. ಕಾಗೆ ಬಂತು. ಉಂಡೆಯನ್ನು ಎಡಗಣ್ಣಿನಿಂದ ನೋಡಿತು, ಬಲಗಣ್ಣಿನಿಂದ ನೋಡಿತು. ಒಮ್ಮೆ ಕುಕ್ಕಿತು. ತಕ್ಷಣ ಕೊಕ್ಕನ್ನು ಕಟ್ಟೆಗೆ ಆ ಕಡೆ ಈ ಕಡೆ ಉಜ್ಜಿಕೊಂಡು, ಒಂದು ಸಲ ಕೆಟ್ಟದಾಗಿ ಕೂಗಿ, ಹಾರಿಹೋಯಿತು.

ಮಾವ ನಕ್ಕರು. ಆಪರೇಷನ್ ಆದಮೇಲೆ ಮೊದಲ ಸಲ, ಎದೆಯ ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಇದ್ದೀನಿ ಕಣೇ! ನೋಡು, ಕಾಗೆನೇ ಬೇಡ ಅಂತು!" ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನಗು ನಿಂತ ಮೇಲೆ ಮಾವ, "ವೀಣಾ, ಹಸಿವಾಗ್ತಿದೆ. ಸಾರು ಇದೆಯೇನಮ್ಮ?" ಎಂದರು.

ಹಸಿವು ಎಂಬ ಮಾತು ಆ ಬಾಯಿಂದ ಬಂದದ್ದೇ ತಡ, ವೀಣಾ ಪಾತ್ರೆ ಸಮೇತ ಓಡಿ ಬಂದಳು. ಮಾವ ದರ್ಭೆಯನ್ನು ಪಕ್ಕಕ್ಕೆ ಎಸೆದು, ಉಳಿದ ಎರಡೂ ಉಂಡೆಯನ್ನು ಹಿಸುಕಿ, ಸಾರು ಸುರಿಸಿಕೊಂಡು ಸೊರ್ ಎಂದು ಉಂಡರು. ಎಲೆ ಖಾಲಿಯಾದ ಮೇಲೆ ಮತ್ತೆ ಕೈ ಚಾಚಿದರು. ವೀಣಾ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಅಂದಿನಿಂದ ಮಾವನ ಊಟ ಸರಿಹೋಯಿತು. ಅದಕ್ಕೆ ಕಾರಣ ವೀಣಾಳ ಸಾರು ಎಂದು ಅವರ ಕಡೆಯ ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ, ನಾನೂ ಜ್ಞಾಪಿಸುವುದಿಲ್ಲ. ಕಾಗೆಯ ಮೇಲೆ ಮಾತ್ರ ಅವತ್ತು ನನಗೆ ವಿಪರೀತ ಸಿಟ್ಟು ಬಂದಿತ್ತು. ಎಲ್ಲರೂ ಹೋದ ಮೇಲೆ, ಪಾತ್ರೆಯಲ್ಲಿ ಉಳಿದ ಉಂಡೆಯೊಂದನ್ನು ಸಾರಿಲ್ಲದೆ ಬಾಯಿಗೆ ಹಾಕಿಕೊಂಡೆ. ಸಿಟ್ಟು ಅಲ್ಲೇ ಇಳಿಯಿತು. ಎದ್ದು ಹೋಗಿ ಬಾಲ್ಕನಿಯಲ್ಲಿ ಕಾಗೆಗೆಂದು ಒಂದು ಬಟ್ಟಲು ನೀರಿಟ್ಟು ಬಂದೆ.