ಮಗ್ಗದ ಶೆಡ್ಡಿನಲ್ಲಿ ಮಳೆಕಾಡು

ನನ್ನ ಭಾವಮೈದುನನಿಗೆ ನೆಂಟರ ವಿಳಾಸ ನೆನಪಿರುವುದಿಲ್ಲ. ಗಿಡಗಳದ್ದು ಮಾತ್ರ ಕರಾರುವಾಕ್ಕು. ಅದೂ ಅವು ಇನ್ನೂ ಹೋಗಿಲ್ಲದ ಊರಿನ ವಿಳಾಸ! ಪೀಳಮೇಡಿನ ಕಾಲೇಜೊಂದರಲ್ಲಿ ಕೂತು ಮಳೆ, ಸೆಕೆ, ಮಣ್ಣು, ಎತ್ತರಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಭೂಮಿ ಹೀಗೇ ಕಾಯುತ್ತ ಹೋದರೆ ಯಾವ ಗಿಡ ಎಲ್ಲಿ ಬದುಕೀತು ಎಂದು ನಕ್ಷೆ ಬರೆಯುವುದು ಅವನ ಕಸುಬು.

ಮನುಷ್ಯರನ್ನಾದರೂ ಬಿಟ್ಟಾನೆಯೇ? ಕರೆಂಟು ಇರುವಾಗಲೇ ಅದು ಹೋದೀತೆಂದು ಬೆವರುವವನು ನಾನು. ನನ್ನನ್ನು ದಿಟ್ಟಿಸಿ ಒಮ್ಮೆ ತೀರ್ಪಿತ್ತ: "ಮಾಮಾ, ನಿಮ್ಗೆ ಫ್ಯಾನು, ಕಾಪಿ, ಅಕ್ಕನ ಒಳ್ಳೆ ಮೂಡು, ಮೂರೂ ಒಟ್ಟಿಗೇ ಬೇಕು. ಅಂಥ ಜಾಗ ಭೂಮಿ ಮೇಲೇ ಇಲ್ಲೆ!"

ಅಳಿವಿನಂಚಿನ ಪ್ರಾಣಿಯಾಗಿ ಅವತ್ತು ಒಂದು ಕಾಪಿ ಹೆಚ್ಚಿಗೇ ಕುಡಿದೆ.

ಆದರೆ ಹೋದ ವರ್ಷ ಅವನೇ ಬಾಡಿಹೋದ. ಆನೈಮಲೈ ಬೆಟ್ಟದ ಒದ್ದೆ ಬಂಡೆಗಳಲ್ಲಿ ಬೆಳೆಯುವ ಪುಟ್ಟ ಕಾಡು ಕರ್ಣಕುಂಡಲದ ಗಿಡವೆಂದರೆ ಅವನಿಗೆ ಪ್ರಾಣ. ಮುಂದಿನ ಕಾಲದ ನಕ್ಷೆಯಲ್ಲಿ ಅದಕ್ಕೆ ಎಲ್ಲೂ ಜಾಗವಿರಲಿಲ್ಲ. ಊಟ ಬಿಟ್ಟ. ನನಗೋ ಗಾಬರಿ!

ಅಷ್ಟರಲ್ಲಿ ಒಂದು ಬೆಳಗ್ಗೆ ಫೋನಿನಲ್ಲೇ ಕುಣಿದಾಡಿದ: "ಮಾಮಾ, ಜಾಗ ಸಿಕ್ತು! ನಮ್ಮ ಕರುಮತ್ತಂಪಟ್ಟೀಲೇ!"

ಬೇವಿನ ಮರವೂ ಬಾಯಾರಿ ನಿಂತಿರುವ ಊರು ಅದು! ಓಡಿದೆ. ನೋಡಿದರೆ, ಸೆಕೆ-ತೇವ ಅಳೆಯುವ ಯಂತ್ರವನ್ನು ಅವನು ನೇತುಹಾಕಿದ್ದು ತನ್ನ ಮನೆಯ ಪವರ್‌ಲೂಮ್ ಶೆಡ್ಡಿನೊಳಗೆ. ಮಗ್ಗದ ಸದ್ದಿಗೇ ತೊಟ್ಟಿಲಲ್ಲಿ ಮಲಗಿದವನಲ್ಲವೆ, ಶೆಡ್ಡಿನ ತಂಪೇ ಊರಿನ ಹವೆ ಅಂದುಕೊಂಡು ಅದನ್ನೇ ಕಂಪ್ಯೂಟರಿಗೆ ಉಣಿಸಿದ್ದಾನೆ!

ಮಗ್ಗ ಓಡಿಸುವ ಅವನ ಅಮ್ಮ, ಅಂದರೆ ನನ್ನ ಅತ್ತೆ, ನೆಲಕ್ಕೆ ನೀರು ಚೆಲ್ಲುತ್ತಿದ್ದ ಬಿಂದಿಗೆ ಇಳಿಸಿ ಗದರಿದರು: "ಅಡ ಪಾವೀ! ದಿನಾ ನೆಲಕ್ಕೆ ತಣ್ಣಿ ಹಾಕ್ದಿದ್ರೆ ನೂಲು ಪಟ್ ಪಟ್ ಅಂತ ಕಿತ್ತೋಗುತ್ತೆ. ನಿನ್ನ ಕಂಪ್ಯೂಟರು ಕಂಡ ಮಳೆ ನಾನೇ ಕಣೋ!"

ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಯಂತ್ರ ಬಿಚ್ಚುತ್ತ, "ಹಂಗಾದ್ರೆ ಆ ಗಿಡಕ್ಕೆ ಎಲ್ಲೂ ಜಾಗ ಇಲ್ಲೆ ಅಮ್ಮಾ" ಎಂದ.

ಅತ್ತೆ ಮಗನ ಮುಖವನ್ನೇ ನೋಡಿದರು. ಕಿಟಕಿಯ ಪಕ್ಕದ ನೂಲಿನ ಮೂಟೆಗಳನ್ನು ಎಳೆದು ಸರಿಸಿ, ಒಂದು ಕುಂಡ ಕೂರುವಷ್ಟು ನೆಲ ಗುಡಿಸಿದರು. "ಕಾಲೇಜಲ್ಲಿ ಅದರ ಸಸಿ ಎಬ್ಬಿಸಿದ್ದೀಯಲ್ಲ, ಒಂದು ತಂದು ಇಲ್ಲಿಕ್ಕು. ನೂಲಿಗೆ ತಣ್ಣಿ ಹಾಕೋ ಕೈ ಅದಕ್ಕೂ ಹಾಕುತ್ತೆ."

ಈಗ ಅಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಿದೆ. ಪಕ್ಕದ ಮಗ್ಗ ಓಡಿದಾಗಲೆಲ್ಲ ಹೂ ನಡುಗುತ್ತಿತ್ತಂತೆ. ಅತ್ತೆ ಆ ಮಗ್ಗವೊಂದನ್ನು ನಿಲ್ಲಿಸಿಬಿಟ್ಟಿದ್ದಾರೆ.