ನಡುವಿನ ನೀಲಿ ಮಣಿ

ಬೆಳಗ್ಗೆ ಶಾಲೆಗೆ ಪಾಠ ಮಾಡಲು ಹೊರಟ ಹೆಂಡತಿ ಗುಮಾಸ್ತನ ಕೈಗೆ ತನ್ನ ಗಾಜಿನ ಮಣಿಸರ ಕೊಟ್ಟು, “ಕೊಂಡಿ ಸಡಿಲ ಆಗಿದೆ, ಅದನ್ನಷ್ಟೇ ಬಿಗಿ ಮಾಡಿ. ಬೇರೇನೂ ಮಾಡ್ಬೇಡಿ. ಸಂಜೆ ಏಳಕ್ಕೆ ಅಮ್ಮ ಬರ್ತಾರೆ, ಹಾಕ್ಕೋಬೇಕು” ಎಂದಳು. ಬೇರೇನೂ ಮಾಡಬೇಡಿ ಎಂಬ ಮಾತನ್ನು ಅವನು ಪಾಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆರು ವಾರ ಮಣಿ ಮಾಡುವ ತರಗತಿಗೆ ಹೋಗಿ ಬಂದ ಮನುಷ್ಯ ಸುಮ್ಮನಿರುವುದುಂಟೆ?

ವಿಮಾ ಕಚೇರಿಯಲ್ಲಿ ಕಡತದ ಮೇಲೆ ಕಡತ ಪೇರಿಸುವುದಷ್ಟೇ ಗೊತ್ತಿದ್ದ ಅವನು ಕಳೆದ ವರ್ಷ ಇದ್ದಕ್ಕಿದ್ದಂತೆ ಕಲಾವಿದನಾಗಿಬಿಟ್ಟಿದ್ದ. ಹಿಂದಿನ ಕೋಣೆಯ ಮೇಜಿನ ಮೇಲೆ ಗ್ಯಾಸ್ ಟಾರ್ಚು, ಇಕ್ಕಳ, ಬಣ್ಣದ ಗಾಜಿನ ಕಡ್ಡಿಗಳು. ಟಾರ್ಚಿನ ಉರಿಯಲ್ಲಿ ಗಾಜು ಕರಗಿಸಿ, ಮಣ್ಣಿನ ಲೇಪ ಹಚ್ಚಿದ ಉಕ್ಕಿನ ಕಡ್ಡಿಗೆ ಸುತ್ತಿ, ಬಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಿದರೆ ಮಣಿ ಸಿದ್ಧ. ಅವನು ಮಾಡಿದ್ದು ಮಾತ್ರ ಯಾರೋ ಅಗಿದು ಉಗಿದ ಪೆಪ್ಪರ್‌ಮಿಂಟಿನಂತೆ ಕಾಣುತ್ತಿತ್ತು. ಮನೆಗೆ ಬಂದವರಿಗೆಲ್ಲ ಹಂಚಿದ. ಯಾರೂ ಹಾಕಿಕೊಳ್ಳಲಿಲ್ಲವೆಂದು ವಾರಗಟ್ಟಲೆ ಮುಖ ಊದಿಸಿಕೊಂಡು ಕೂತ.

ಕೊಂಡಿ ಎರಡೇ ನಿಮಿಷದಲ್ಲಿ ಬಿಗಿಯಾಯಿತು. ಇಷ್ಟಕ್ಕೆ ಕಲಾವಿದ ಬೇಕೆ ಎನಿಸಿ, ಸರ ಫಳಫಳ ಹೊಳೆಯಲೆಂದು ಅದನ್ನು ಕುದಿಯುವ ನೀರಿಗೆ ಇಳಿಬಿಟ್ಟ. ಟಿಕ್ ಎಂದಿತು. ಸುತ್ತಲಿನ ಬಿಳಿ ಮಣಿಗಳಿಗೆ ಏನೂ ಆಗಿರಲಿಲ್ಲ. ನಡುವಿನ ನೀಲಿ ಮಣಿ ಎರಡು ಹೋಳಾಗಿತ್ತು.

ಅದು ಹೆಂಡತಿಯ ಅಜ್ಜಿಯ ಮಣಿ. ಅತ್ತೆ ಮನೆಯೊಳಗೆ ಕಾಲಿಟ್ಟರೆ ಮಗಳ ಮುಖಕ್ಕಿಂತ ಮೊದಲು ಆ ಮಣಿಯನ್ನು ನೋಡುವವರು. ಗುಮಾಸ್ತ ಹೋಳುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡ. ಅಂಥದೇ ಇನ್ನೊಂದನ್ನು ಸಂಜೆಯೊಳಗೆ ಮಾಡಿಬಿಡುವುದೆಂದು ತೀರ್ಮಾನಿಸಿ, ಕಚೇರಿಗೆ ಹೊಟ್ಟೆನೋವೆಂದು ಫೋನು ಮಾಡಿ, ಟಾರ್ಚು ಹಚ್ಚಿದ.

ಟಾರ್ಚಿನ ಸದ್ದಿಗೆ ಮೇಲಿನ ಮನೆಯ ನಿವೃತ್ತ ಇನ್‌ಸ್ಪೆಕ್ಟರು ಇಳಿದು ಬಂದರು. ಅವರು ಇಳಿದದ್ದು ಕಂಡು ಎದುರು ಮನೆಯ ಟೈಲರಮ್ಮ ಮಿಷನ್ ಬಿಟ್ಟೆದ್ದು ಬಂದಳು. ಇಬ್ಬರಿಗೂ ಬೇರೆಯವರ ಮನೆಯ ಕಷ್ಟವೆಂದರೆ ಪುಕ್ಕಟೆ ಸಿನಿಮಾ.

“ಏನ್ರೀ, ಕಟ್ಟಡಕ್ಕೆ ಬೆಂಕಿ ಇಡೋ ಯೋಚನೆನಾ?” ಎಂದರು ಇನ್‌ಸ್ಪೆಕ್ಟರು.

ಗುಮಾಸ್ತ ಹೆಂಡತಿಯ ಅಜ್ಜಿಯ ಮಣಿಯೆಂದು ಹೇಳಿ ಹೋಳುಗಳನ್ನು ತೋರಿಸಿದ. ಕುದಿಯುವ ನೀರಿನ ವಿಷಯ ಹೇಳಲು ಬಾಯಿ ಬರಲಿಲ್ಲ. “ಮುಟ್ಟಿದ್ದಕ್ಕೇ ಒಡೆದುಹೋಯ್ತು ಸಾರ್. ನೋಡಿ, ಸರಿಯಾಗಿ ತಣಿಸೇ ಇಲ್ಲ. ತೂತು ಸೊಟ್ಟ, ಹೊಟ್ಟೆ ಡೊಂಕು. ಇದನ್ನ ಮಾಡಿದೋನು ಶುದ್ಧ ಅವಿವೇಕಿ. ಇಂಥೋರ ಕೈಗೆ ಬೆಂಕಿಪೆಟ್ಟಿಗೇನೂ ಕೊಡಬಾರದು.”

“ಅಜ್ಜಿ ಕಾಲದ್ದು ಗಟ್ಟಿ ಇರುತ್ತೆ ಅಂತಾರಲ್ಲ ಅಣ್ಣಾ?” ಎಂದಳು ಟೈಲರಮ್ಮ.

“ಎಲ್ಲಾ ಬರೀ ಮಾತಮ್ಮ. ಗಾಜು ನೋಡಿದ ತಕ್ಷಣ ಕೈ ಯಾರದು ಅಂತ ಹೇಳಿಬಿಡ್ತೀನಿ ನಾನು.”

ಇನ್‌ಸ್ಪೆಕ್ಟರಿಗೆ ಸೆಕೆಯಾಯಿತು, ಕೇಳದೆ ಫ್ಯಾನು ಹಾಕಿದರು. ಉರಿ ಗುಮಾಸ್ತನತ್ತ ವಾಲಿ ಎಡಹುಬ್ಬನ್ನು ಅರ್ಧ ತಿಂದಿತು, ಮೊದಲ ಮಣಿ ಸೋರಿ ನೆಲಕ್ಕೆ ಬಿತ್ತು. ಎರಡನೆಯದು ಬಹಳ ಚೆನ್ನಾಗಿ ಬಂತು, ಆದರೆ ತಣಿದ ಮೇಲೆ ಎಷ್ಟು ಎಳೆದರೂ ಕಡ್ಡಿಯಿಂದ ಕಳಚಲಿಲ್ಲ.

“ಕಡ್ಡಿಗೆಲ್ಲ ಮಣ್ಣು ಮೆತ್ಕೊಂಡಿತ್ತು ಅಣ್ಣಾ. ನೀವು ಹುಬ್ಬಿಗೆ ನೀರು ಹಾಕ್ಕೊಳ್ಳೋವಾಗ ಚೆನ್ನಾಗಿ ತಿಕ್ಕಿ ತೊಳೆದಿಟ್ಟೆ” ಎಂದಳು ಟೈಲರಮ್ಮ, ಹೊಗಳಿಕೆಗೆ ಕಾದು ನಿಂತು.

ಮಣ್ಣಿನ ಲೇಪವಿಲ್ಲದ ಕಡ್ಡಿಗೆ ಗಾಜು ಅಂಟಿದರೆ ಜನ್ಮದಲ್ಲಿ ಬಿಡುವುದಿಲ್ಲ. ಹಾಗೆ ಅಂಟಿ ಹೋದದ್ದು ಮನೆಯಲ್ಲಿದ್ದ ಕಡೆಯ ನೀಲಿ ಗಾಜು. ಗಂಟೆ ಒಂದಾಗಿತ್ತು. ಮೂವರೂ ಸೇರಿ ಖಾನೆಗಳನ್ನು ಜಾಲಾಡಿದರು. ಗುಮಾಸ್ತನ ಹಾಳು ಮಣಿಗಳ ಖಾನೆಯ ಮೂಲೆಯಲ್ಲಿ, ಚೌಕುಳಿ ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ನೀಲಿ ಮಣಿಯೊಂದು ಟೈಲರಮ್ಮನ ಕೈಗೆ ಸಿಕ್ಕಿತು.

“ಅಣ್ಣಾ, ಇದೇ ಎಷ್ಟು ಚೆನ್ನಾಗಿದೆ. ಇದನ್ನೇ ಪೋಣಿಸಿಬಿಡಿ.”

ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ಮೂಗು ಮುರಿದ. “ಇದಾ? ಇದು ನಾನು ಕಲಿಯೋವಾಗ ಮಾಡಿದ್ದು. ಇಂಥದ್ದನ್ನ ಅಜ್ಜಿ ಮಣಿ ಅಂತ ಹೇಳಿದ್ರೆ ನಮ್ಮತ್ತೆ ನಂಬ್ತಾರಾ? ಬಟ್ಟೆ ಹೊಲಿಯೋರಿಗೆ ಗಾಜಿನ ವಿಷಯ ತಿಳಿಯಲ್ಲ, ಬಿಡಿ.”

ಅದನ್ನು ಬಿಸಿ ಬೂದಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದ. ಬೆಣ್ಣೆಯಂತೆ ಕರಗಿತು. ಹೊಸದಾಗಿ ಲೇಪ ಹಚ್ಚಿ ಒಣಗಿಸಿದ ಕಡ್ಡಿಗೆ ಸುತ್ತಿ ಬೂದಿಯಲ್ಲಿ ಹೂತ. ಇನ್‌ಸ್ಪೆಕ್ಟರು ಕೆದಕಿ ನೋಡದಂತೆ ಬೂದಿಯ ಮಡಕೆಯನ್ನು ಮೂರು ಗಂಟೆ ಕಾವಲು ಕಾದ. ನಾಲ್ಕೂವರೆಗೆ ಮಣಿ ಇಡಿಯಾಗಿ ಹೊರಬಂತು. ತುಸು ಅಗಿದಂತೆ ಕಾಣುತ್ತಿತ್ತು, ಆದರೆ ಗುಮಾಸ್ತನ ಕಣ್ಣಿಗೆ ಅದು ಕಾಣಲಿಲ್ಲ.

ಐದಕ್ಕೆ ಹೆಂಡತಿ ಬಂದಳು. ಅವನೇ ಸರ ತೊಡಿಸಿ, ಕೊಂಡಿ ಹಾಕಿ, ಎದೆಯುಬ್ಬಿಸಿ ನಿಂತ. ಕನ್ನಡಿಯ ಮುಂದೆ ನಿಂತವಳು ಮಣಿಯನ್ನು ಬೆರಳಲ್ಲಿ ತಿರುಗಿಸಿದಳು. “ಇದು ಬೇರೆ ಮಣಿ. ಅಲ್ಲಿದ್ದದ್ದು ಏನಾಯ್ತು?”

ಗುಮಾಸ್ತ ಬಾಯಿ ತೆರೆಯುವ ಮೊದಲೇ ಇನ್‌ಸ್ಪೆಕ್ಟರು ವರದಿ ಒಪ್ಪಿಸಿದರು. “ಅದು ಒಡೆದುಹೋಯ್ತು ಮೇಡಂ. ತೂತು ಸೊಟ್ಟ, ಹೊಟ್ಟೆ ಡೊಂಕು. ಮಾಡಿದೋನು ಶುದ್ಧ ಅವಿವೇಕಿಯಂತೆ. ಬೆಂಕಿಪೆಟ್ಟಿಗೇನೂ ಕೊಡಬಾರದಂತೆ. ಇವರೇ ಪರೀಕ್ಷೆ ಮಾಡಿ ಹೇಳಿದ್ದು.”

ಹೆಂಡತಿ ಗಂಡನನ್ನೂ ಅವನ ಅರ್ಧ ಹುಬ್ಬನ್ನೂ ನಿಧಾನವಾಗಿ ನೋಡಿದಳು. “ಅದನ್ನ ಮಾಡಿದ್ದು ನೀವೇ. ನೀವು ಮಾಡಿದ್ದನ್ನ ಯಾರೂ ಹಾಕ್ಕೊಳಲ್ಲ ಅಂತ ಕೊರಗ್ತಿದ್ರಲ್ಲ, ಪಾಪ ಅನ್ನಿಸಿ ಆರು ತಿಂಗಳ ಹಿಂದೆ ಅಜ್ಜಿ ಮಣಿ ತೆಗೆದು ಅದನ್ನ ಪೋಣಿಸಿದ್ದೆ. ಒಂದು ದಿನವಾದ್ರೂ ಗುರುತು ಹಿಡೀತೀರೇನೋ ಅಂತ ಕಾದೆ.”

ಗುಮಾಸ್ತನಿಗೆ ಮೊದಲು ನಾಚಿಕೆಯಾಯಿತು. ಮರುಕ್ಷಣವೇ ನಿರಾಳವಾಯಿತು, ಅಜ್ಜಿಯ ಮಣಿ ಒಡೆದಿಲ್ಲವಲ್ಲ, ಜೀವ ಉಳಿಯಿತು. “ಹಾಗಾದ್ರೆ ಅಜ್ಜಿದು ಎಲ್ಲಿದೆ?” ಎಂದ ನಗುತ್ತಾ.

“ನಿಮ್ಮ ಹಾಳು ಮಣಿಗಳ ಖಾನೇಲಿ. ಅಲ್ಲಿಗೆ ಕಳ್ಳನೂ ಕೈ ಹಾಕಲ್ಲ ಅಂತ ಚೌಕುಳಿ ಬಟ್ಟೇಲಿ ಸುತ್ತಿಟ್ಟಿದೀನಿ. ತನ್ನಿ, ಅಮ್ಮ ಬಂದಾಗೆಲ್ಲ ಮಾಡೋ ಹಾಗೆ ಅದನ್ನೇ ಪೋಣಿಸಿ ಹಾಕ್ಕೋತೀನಿ.”

ಇನ್‌ಸ್ಪೆಕ್ಟರು ಫ್ಯಾನು ನೋಡತೊಡಗಿದರು.

“ಅದು ನಿಮ್ಮ ಕುತ್ತಿಗೇಲೇ ಇದೆ ಅಕ್ಕಾ,” ಎಂದಳು ಟೈಲರಮ್ಮ. “ಹಾಗೇ ಪೋಣಿಸಿ ಅಂತ ನಾನು ಹೇಳ್ದೆ. ಬಟ್ಟೆ ಹೊಲಿಯೋರಿಗೆ ಗಾಜಿನ ವಿಷಯ ತಿಳಿಯಲ್ಲ ಅಂದ್ರು.”

ಹೊರಗೆ ಆಟೋ ನಿಂತ ಸದ್ದಾಯಿತು. ಏಳಕ್ಕೆ ಬರಬೇಕಿದ್ದ ಅತ್ತೆ ಐದೂಕಾಲಿಗೇ ಬಂದಿದ್ದರು. ಗುಮಾಸ್ತನಿಗೆ ನಿಜವಾಗಿಯೂ ಹೊಟ್ಟೆ ನೋಯತೊಡಗಿತು.