ಬೀರಪ್ಪಗ ಬಿಟ್ಟ ಕೋಳಿಗೋಳು

ಕೋಳಿ ಸಾಕಿದ ಮನ್ಯಾಗ ದಿನಾ ಒಂದಿಲ್ಲೊಂದು ತಮಾಶಾ ಇದ್ದದ್ದ. ಅದರಾಗ ಕುರುಬರ ಮನಿಗೆ ಎಮ್ಮಿ ತರತೀನಂತ ಸೊಸಿ ಹಟಾ ಹಿಡದ್ರಂತೂ ಕೇಳೂದ ಬ್ಯಾಡ. ಸೊಲ್ಲಾಪುರ ಮೈಸೂರಿಗೆ ಹೋಗತೈತೋ ಮುಂಬೈದಾಗ ಉಳೀತೈತೋ ಅಂತ ನಮ್ಮ ಕುಂಭಾರಿ ಗಂಡಸರು ಕಟ್ಟಿ ಮ್ಯಾಲ ಜಗಳಾಡೂ ದಿನಗಳವು. ನನಗ ಅದರ ಗೊಡವಿ ಇರಲಿಲ್ಲ. ನನ್ನ ಹಿತ್ತಲಕ್ಕ ಎಮ್ಮಿ ಬರತೈತೋ ಇಲ್ಲೋ, ಅದ ನನ್ನ ಜಗಳ.

ನಮ್ಮ ಕುರಿ ಮೈದುನನ ಕೂಡ ಸದಾ ಅಡವ್ಯಾಗ. ನನ್ನ ಮಕ್ಕಳು ಚರಗಿ ಹಿಡಕೊಂಡು ಮಜ್ಜಿಗಿಗೆ ಮಂದಿ ಬಾಗಲಾಗ ನಿಂದ್ರೂದು ನೋಡಿದ್ರ ನನ್ನ ಹೊಟ್ಟಿ ಉರೀತಿತ್ತು. ಕೋಳಿ ಬೆಳಸಿ, ಮಾರಿ, ಒಂದು ಎಮ್ಮಿ ತರಬೇಕಂತ ಗಟ್ಟಿ ಮನಸ್ಸ ಮಾಡಿದೆ. ಮಾವಾರು ಅಂದ್ರು, "ನಾವು ಬೀರಪ್ಪನ ಒಕ್ಕಲದವರು. ಕುರಿ ಬಿಟ್ಟು ಎಮ್ಮಿ ಬಾಲಾ ಹಿಡದ್ರ ಮಂದಿ ನಗತಾರ."

"ನಗಲಿ ಬಿಡ್ರಿ. ನಾಳಿ ಮಜ್ಜಿಗಿ ಕೇಳಾಕ ಅವರ ಬರತಾರ" ಅಂದೆ.

ಅಳಿಯಾಗ ಬದನಿಕಾಯಿ

ಮನಿ ಅಳಿಯ, ಅಂದ್ರ ನನ್ನ ನಾದಿನಿ ಗಂಡ, ಕರಜಗಿಯಾಂವ. ಅಳಿಯ ಬಂದಾಗೊಮ್ಮೆ ಒಂದು ಕೋಳಿ ಕೊಯ್ಯೂದು ನಮ್ಮ ಮನಿ ರಿವಾಜು. ನನ್ನ ಕೋಳಿ ಮೈ ತುಂಬ್ಯಾವು ಅಂತ ಅಲ್ಲೀತನಕ ಸುದ್ದಿ ಮುಟ್ಟಿತೋ ಏನೋ, ಅಂವಾ ಸಂತಿಗೊಮ್ಮೆ ಬರಾಕತ್ತ. ಹಿಂಗಾದ್ರ ನನ್ನ ಎಮ್ಮಿ ಪೂರಾ ಇವನ ಹೊಟ್ಟ್ಯಾಗ ಹೋಗತೈತಿ!

ಒಂದಿನ ಅತ್ತಿ ಕೆಂಪ ಕೋಳಿ ಹಿಡಿಯಾಕ ಬಗ್ಗಿದ್ರು.

"ಮುಟ್ಟಬ್ಯಾಡ್ರಿ! ಅದನ್ನ ಬೀರಪ್ಪಗ ಬಿಟ್ಟೀನಿ."

ದೇವರಿಗೆ ಬಿಟ್ಟ ಕೋಳಿ ಮನಿಗೆ ಬಂದ ಪಾವಣ್ಯಾರಿಗೆ ಕೊಯ್ಯಾಂಗಿಲ್ಲ. ಅತ್ತಿ ಕೈ ಹಿಂದ ತೊಗೊಂಡ್ರು.

"ಹಂಗಾರ ಆ ಕರೀದು?"

"ಅದೂ ಬಿಟ್ಟೀನ್ರಿ. ಎಲ್ಲಾನೂ ಬಿಟ್ಟೀನಿ, ಹುಂಜದ ಸಮೇತ."

ಅಳಿಯ ಬದನಿಕಾಯಿ ಪಲ್ಯಾ ನೋಡಿ ಮಾರಿ ಗಂಟ ಹಾಕ್ಕೊಂಡ. "ಅಲ್ರಿ ವೈನಿ, ಇಷ್ಟೊಂದು ಕೋಳಿ ತೊಗೊಂಡು ಬೀರಪ್ಪ ಏನ ಮಾಡ್ತಾನ?"

"ಏನೂ ಮಾಡೂದಿಲ್ರಿ. ಅದಕ್ಕ ಅವಗ ಬಿಟ್ಟೀನಿ!"

ಗ್ವಾದಲಿ ಊಟ

ಎಮ್ಮಿ ಬರೂಕಿಂತ ಮೊದಲ ನಾ ಹಿತ್ತಲದಾಗ ಗೂಟಾ ಬಡದೆ. ಎಮ್ಮಿಗೆ ಮೇವು ಹಾಕಾಕ ಕಲ್ಲು ಮಣ್ಣು ಹೊತ್ತು ಗ್ವಾದಲಿ ಕಟ್ಟಿದೆ, ಶೆಗಣಿಲೆ ಸಾರಿಸಿದೆ. ಮಿಲ್ಲಿನ್ಯಾಗ ದುಡಿಯೂ ನನ್ನ ಗಂಡ ಸೊಲ್ಲಾಪುರದಿಂದ ಬಂದಾಂವ ಅದನ್ನ ನೋಡಿ, "ಅಪ್ಪಗ ನೀನ ಹೇಳು, ನನ್ನ ನಡುವ ಎಳೀಬ್ಯಾಡ" ಅಂತ ತಿರುಗಿ ಮೋಟಾರ ಹತ್ತಿದ. ಭಲೇ ಗಂಡಸು!

ಮಾವಾರು ತಮ್ಮ ಹೊರಸು ತಂದು ಗೂಟಕ್ಕ ಹಚ್ಚಿ ಹಾಕಿ, ಉದ್ದಕ ಅಡ್ಡಾದ್ರು. "ಈಗ ಕಟ್ಟು ನಿನ್ನ ಎಮ್ಮಿ."

ನಾ ಮಧ್ಯಾಹ್ನ ಊಟದ ಹೊತ್ತಿಗೆ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಗಂಗಾಳದಾಗ ಹಚ್ಚಿ, ಚಂದಾಗಿ ಒಯ್ದು ಗ್ವಾದಲ್ಯಾಗ ಇಟ್ಟೆ.

"ಏನ ಇದು?" ಅಂತ ಮಾವಾರು ಚೀರಿದ್ರು.

"ಇಲ್ಲಿ ಇರೂರಿಗೆ ಇಲ್ಲೇ ಹಾಕೂದ್ರಿ."

ಅತ್ತಿ ಸೆರಗ ಬಾಯಾಗ ತುರುಕ್ಕೊಂಡು ಒಳಗ ಓಡಿದ್ರು. ಸಂಜೀಕ ಹೊರಸು ಪಡಸಾಲಿಗೆ ಬಂತು.

ಬೀರಪ್ಪನ ಕೌಲು

ಕೋಳಿ ಕೊಳ್ಳಾಂವ ಸೊಲ್ಲಾಪುರದಿಂದ ಬುಟ್ಟಿ ತೊಗೊಂಡು ಬಂದ. ಕಟ್ಟಿ ಮ್ಯಾಲ ಕುಂತಿದ್ದ ಮಾವಾರು ಅವಗ ಮರಾಠ್ಯಾಗ ಹೇಳಿದ್ರು, "ದೇವಾಚ್ಯಾ ಕೋಂಬಡ್ಯಾ ಆಹೇತ. ಪಾಪ ಲಾಗೇಲ." ದೇವರ ಕೋಳಿ, ಕೊಂಡ್ರ ಪಾಪ ಹತ್ತತೈತಿ ಅಂತ. ಅಂವಾ ಎರಡೂ ಕಿವಿ ಮುಟಗೊಂಡು, ಬರೀ ಬುಟ್ಟಿ ಹೊತ್ತು ಹೋದ.

"ಕೊಯ್ಯಾಕ ಬಾರದ್ದು ಮಾರಾಕ ಹ್ಯಾಂಗ ಬರತೈತಿ?" ಅಂತ ಮಾವಾರು ಮೀಸಿ ತಿರುವಿದ್ರು. ನನ್ನ ಹಗ್ಗಾ ನನ್ನ ಕೊಳ್ಳಿಗೇ ಬಿತ್ತು. ಆದ್ರ ನಾ ಅಳೂ ಪೈಕಿ ಅಲ್ಲ.

"ದೇವರನ್ನ ಕೇಳೂಣ ಬರ್ರಿ. ಕೋಳಿ ಕೊಟ್ಟು ಎಮ್ಮಿ ತರತೀನಿ, ಮೊದಲನೇ ಬೆಣ್ಣಿ ಅವಗ. ಒಲ್ಲೆ ಅಂದ್ರ ಗ್ವಾದಲಿ ನಾನ ಕೆಡವತೀನಿ."

ನಮ್ಮಲ್ಲಿ ದೇವರ ಕೌಲು ಕೇಳೂದು ಹಿಂಗ: ಮೂರ್ತಿ ಎರಡೂ ಭುಜಕ್ಕ ನೆನಸಿದ ಜ್ವಾಳದ ಕಾಳು ಅಂಟಸ್ತಾರ. ಬಲಗಡಿದು ಮೊದಲ ಬಿದ್ರ ಹೂಂ, ಎಡಗಡಿದು ಬಿದ್ರ ಒಲ್ಲೆ. ಕೆಂಪ ಕೋಳಿ ಬಗಲಾಗ ಇಟಗೊಂಡು ನಾ ಗುಡಿಗೆ ಹೋದೆ. ದೇವರು ಮಾಲು ನೋಡಬೇಕಲ್ಲ! ಮಾವಾರು, "ನಾನ ಅಂಟಸ್ತೀನಿ" ಅಂತ ಪೂಜಾರಿ ಕೈಯಾನ ಕಾಳು ಕಸಗೊಂಡ್ರು. ಬಲಗಡಿ ಕಾಳಿಗೆ ಬೆಲ್ಲದ ಅಂಟು ಹಚ್ಚಿದ್ದು ನಾ ಕಣ್ಣಾರೆ ಕಂಡೆ. ಹೇಳಿದ್ರ ಯಾರ ನಂಬತಾರ?

ಎಲ್ಲಾರೂ ಮೂರ್ತಿ ಮುಂದ ಕುಂತ್ರು. ಎಡಗಡಿ ಕಾಳು ಜಾರಾಕತ್ತಿತು. ನಾ ಮೂರ್ತಿ ಹಂತ್ಯಾಕ ಹೋಗಿ ಬಗ್ಗಿ ನೋಡಿದೆ. ಅಷ್ಟರಾಗ ಬಗಲಾನ ಕೋಳಿ ಕುತ್ತಿಗಿ ಉದ್ದಾ ಮಾಡಿ, ಬಲಗಡಿ ಕಾಳು ಟಕ್ಕನ ಕುಕ್ಕಿ ನುಂಗಿಬಿಡ್ತು!

"ಇದು ನಡಿಯೂದಿಲ್ಲ! ಕಾಳು ಕೋಳಿ ತಿಂತು!" ಅಂತ ಮಾವಾರು ಎದ್ದು ನಿಂತ್ರು.

"ಯಾರ ಕೋಳಿರಿ ಅದು? ದೇವರದು ಅಂತ ಪ್ಯಾಟಿಯಾಂವಗ ಸಾರಿ ಹೇಳಿದವರು ನೀವ. ದೇವರು ತನ್ನ ಕೋಳಿ ಕಡಿಂದ ಹೂಂ ಅಂದಾನ."

ಪೂಜಾರಿ ನಕ್ಕ ರಭಸಕ್ಕ ಅವನ ಕೈಯಾನ ಭಂಡಾರ ಎಲ್ಲಾರ ಮಾರಿಗೆ ಹಾರಿತು. ಮಾವಾರು ಹಳದಿ ಮೀಸಿ ಒರಸಗೋತ ಗುಡಿ ಹೊರಗ ಬಂದ್ರು. ಎಮ್ಮಿ ಮಾರೂ ದುಧನಿ ಪ್ಯಾಟಿ ದಾರಿ ನೋಡಿ, ನನ್ನ ಕಡೆ ತಿರುಗಿ ಗುರುಗುಟ್ಟಿದ್ರು:

"ಎಮ್ಮಿ ಆರಿಸೂದರ ನನಗ ಬಿಡ್ತೀಯೋ, ಇಲ್ಲಾ ಅದನ್ನೂ ಕೋಳೀನ ಆರಸ್ತೈತೋ?"